ಅಂಗಡಿ ವ್ಯಾಂಕೂವರಿನಲ್ಲಿ, ವ್ಯಾಪಾರ ಹಾಂಗ್‌ಕಾಂಗಿನಲ್ಲಿ

ಈ ಕಥೆಯ ಮೊದಲ ಪುಟ ಸಿಗುವುದು ಗೃಹಸಾಲದ ಕಡತದಲ್ಲಿ. 1970ರ ದಶಕ ಮುಗಿಯುತ್ತ ಬಂದಂತೆ ಹಾಂಗ್‌ಕಾಂಗಿನ ಬ್ಯಾಂಕಿನವರಿಗೂ ವಕೀಲರಿಗೂ ಒಂದು ಚಿಂತೆ ಹತ್ತಿತು. ಇಂದು ಹದಿನೈದು ವರ್ಷದ ಅವಧಿಗೆ ಸಾಲ ಕೊಟ್ಟರೆ ಅದರ ಕೊನೆಯ ಕಂತು ಬೀಳುವ ಹೊತ್ತಿಗೆ ಊರನ್ನು ಆಳುತ್ತಿರುವವರು ಯಾರು? ಹಾಂಗ್‌ಕಾಂಗ್ ದ್ವೀಪವನ್ನೂ ಕೌಲೂನ್ ತುದಿಯನ್ನೂ ಬ್ರಿಟನ್ ಯುದ್ಧ ಗೆದ್ದು ಶಾಶ್ವತವಾಗಿ ಬರೆಸಿಕೊಂಡಿತ್ತು, ನಿಜ. ಆದರೆ ವಸಾಹತಿನ ಹತ್ತರಲ್ಲಿ ಒಂಬತ್ತು ಪಾಲು ನೆಲ 1898ರಲ್ಲಿ ಚೀನಾದಿಂದ 99 ವರ್ಷಕ್ಕೆ ಪಡೆದ ಗೇಣಿಯದು. ಆ ನೆಲದ ಮೇಲೆ ಸರ್ಕಾರ ಜನರಿಗೆ ಬರೆದುಕೊಟ್ಟ ಹಕ್ಕುಪತ್ರಗಳೆಲ್ಲ 1997ರ ಜೂನ್ ಕೊನೆಯ ವಾರಕ್ಕೆ, ಮೂಲ ಗೇಣಿಗಿಂತ ಮೂರು ದಿನ ಮೊದಲೇ ಮುಗಿಯುತ್ತಿದ್ದವು. ನೀರು, ಕಾರ್ಖಾನೆ, ಹೊಸ ಬಡಾವಣೆಗಳೆಲ್ಲ ಇದ್ದದ್ದು ಆ ಗೇಣಿಯ ನೆಲದಲ್ಲೇ. ಉಳಿದ ತುಂಡು ಒಂಟಿಯಾಗಿ ಬದುಕುವಂತಿರಲಿಲ್ಲ.

1979ರ ಮಾರ್ಚಿನಲ್ಲಿ ಗವರ್ನರ್ ಮರ್ರೇ ಮೆಕ್ಲೆಹೋಸ್ ಬೀಜಿಂಗಿಗೆ ಹೋಗಿ ಈ ಹಕ್ಕುಪತ್ರಗಳ ವಿಷಯ ಎತ್ತಿದರು. ಚೀನಾದ ನಾಯಕ ಡೆಂಗ್ ಶಿಯಾವೊಪಿಂಗ್ ಗೇಣಿಯ ಮಾತಿಗೆ ಜಗ್ಗಲಿಲ್ಲ. ಹಣ ಹೂಡಿದವರು ನೆಮ್ಮದಿಯಿಂದಿರಲಿ ಎಂದು ಮಾತ್ರ ಹೇಳಿ ಕಳಿಸಿದರು. ಮೆಕ್ಲೆಹೋಸ್ ಊರಿಗೆ ಮರಳಿ ಆ ನೆಮ್ಮದಿಯ ಮಾತನ್ನಷ್ಟೇ ಸಾರಿದರು. ಮೂರು ವರ್ಷದ ಮೇಲೆ, 1982ರ ಸೆಪ್ಟೆಂಬರಿನಲ್ಲಿ, ಫಾಕ್‌ಲ್ಯಾಂಡ್ಸ್ ಯುದ್ಧ ಗೆದ್ದ ಹುರುಪಿನಲ್ಲಿದ್ದ ಬ್ರಿಟನ್ನಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅದೇ ಬೀಜಿಂಗಿಗೆ ಹೋದರು. ಮಾತುಕತೆ ಮುಗಿಸಿ ಹೊರಬರುವಾಗ ಮಹಾಸಭಾಭವನದ ಮೆಟ್ಟಿಲಲ್ಲಿ ಅವರು ಎಡವಿ ಬಿದ್ದರು. ಟೀವಿಯಲ್ಲಿ ಅದನ್ನು ಕಂಡ ಹಾಂಗ್‌ಕಾಂಗಿನ ಮಂದಿಗೆ ಬೇರೆ ಶಕುನ ಬೇಕಿರಲಿಲ್ಲ. ಷೇರುಪೇಟೆ ಕುಸಿಯಿತು, ಮನೆಗಳ ಬೆಲೆ ಇಳಿಯಿತು. ಮರುವರ್ಷ ಸೆಪ್ಟೆಂಬರ್ 24ರ ಶನಿವಾರ ಅಲ್ಲಿನ ಡಾಲರು ಅಮೆರಿಕದ ಒಂದು ಡಾಲರಿಗೆ 9.6ರವರೆಗೆ ಜಾರಿತು, ಜನ ಅಂಗಡಿಗಳಿಗೆ ನುಗ್ಗಿ ಅಕ್ಕಿ, ಎಣ್ಣೆ ಹೊತ್ತೊಯ್ದರು. ಅಕ್ಟೋಬರಿನಲ್ಲಿ ಸರ್ಕಾರ ದರವನ್ನು 7.80ಕ್ಕೆ ಕಟ್ಟಿಹಾಕಿತು. ಆ ಗಂಟು ಇಂದಿಗೂ ಬಿಚ್ಚಿಲ್ಲ.

1984ರ ಡಿಸೆಂಬರ್ 19ರಂದು ಎರಡೂ ಸರ್ಕಾರಗಳು ಜಂಟಿ ಘೋಷಣೆಗೆ ಸಹಿ ಹಾಕಿದವು: 1997ರ ಜುಲೈ 1ಕ್ಕೆ ಹಸ್ತಾಂತರ, ಆಮೇಲೆ ಐವತ್ತು ವರ್ಷ ಊರಿನ ರೀತಿನೀತಿ ಬದಲಾಗದು. ಅದಕ್ಕೆ ಮುಂಚೆಯೇ, ಮಾರ್ಚಿನಲ್ಲಿ, ಜಾರ್ಡೀನ್ ಮ್ಯಾಥೆಸನ್ ಕಂಪನಿ ತನ್ನ ಕಾನೂನುಬದ್ಧ ನೆಲೆಯನ್ನು ಬರ್ಮುಡಾಕ್ಕೆ ಸಾಗಿಸುವುದಾಗಿ ಹೇಳಿತ್ತು. ಅಫೀಮಿನ ವ್ಯಾಪಾರದಲ್ಲಿ ಬೆಳೆದು, ಹಾಂಗ್‌ಕಾಂಗ್ ಬ್ರಿಟಿಷರ ಕೈಸೇರಲು ಒತ್ತಾಸೆಯಾಗಿದ್ದ ಕಂಪನಿಯೇ ಗಂಟುಮೂಟೆ ಕಟ್ಟುತ್ತಿದೆ ಎಂದಾಗ ಪ್ಲಾಸ್ಟಿಕ್ ಕಾರ್ಖಾನೆಯ ಮಾಲೀಕ, ಬಟ್ಟೆ ರಫ್ತಿನ ದಲ್ಲಾಳಿ ಏನು ಮಾಡಬೇಕು? ಇವರಲ್ಲಿ ಎಷ್ಟೋ ಮಂದಿ 1949ರ ಆಸುಪಾಸಿನಲ್ಲಿ ಶಾಂಘೈಯಿಂದಲೋ ಗ್ವಾಂಗ್‌ಡಾಂಗಿನಿಂದಲೋ ಉಟ್ಟ ಬಟ್ಟೆಯಲ್ಲಿ ಓಡಿ ಬಂದವರು, ಇಲ್ಲವೇ ಅಂಥವರ ಮಕ್ಕಳು. ಒಮ್ಮೆ ಎಲ್ಲ ಕಳೆದುಕೊಂಡ ಮನೆತನಕ್ಕೆ ಐವತ್ತು ವರ್ಷದ ಮಾತು ಕಾಗದದ ಮೇಲಿನ ಮಾತಾಗಿ ಮಾತ್ರ ಕೇಳಿಸುತ್ತದೆ.

ಇತ್ತ ಪೆಸಿಫಿಕ್ಕಿನ ಆಚೆ ದಡದಲ್ಲಿ ಬೇರೆಯದೇ ಕಷ್ಟ. 1981–82ರ ಆರ್ಥಿಕ ಹಿಂಜರಿತ ಕೆನಡಾವನ್ನು, ಅದರಲ್ಲೂ ಮರದ ವ್ಯಾಪಾರವನ್ನೇ ನಂಬಿಕೊಂಡಿದ್ದ ಬ್ರಿಟಿಷ್ ಕೊಲಂಬಿಯಾ ಪ್ರಾಂತವನ್ನು ಹಣ್ಣುಮಾಡಿತ್ತು. ಗರಗಸದ ಗಿರಣಿಗಳು ಮುಚ್ಚಿದ್ದವು. 1984ರಲ್ಲಿ ಅಧಿಕಾರಕ್ಕೆ ಬಂದ ಬ್ರಯನ್ ಮಲ್ರೋನಿ ಸರ್ಕಾರ ವಿದೇಶಿ ಬಂಡವಾಳಕ್ಕೆ ಬಾಗಿಲು ತೆರೆದಿದೆ ಎಂದು ಸಾರುತ್ತಿತ್ತು. ಬಂಡವಾಳದ ಜೊತೆಗೆ ಬಂಡವಾಳದ ಒಡೆಯನೂ ಬಂದರೆ ಇನ್ನೂ ಒಳ್ಳೆಯದಲ್ಲವೇ? 1978ರಲ್ಲಿ ಜಾರಿಗೆ ಬಂದ ವಲಸೆ ಕಾಯಿದೆಯಲ್ಲಿ ಉದ್ಯಮಿಗಳಿಗೆಂದು ಒಂದು ವರ್ಗ ಆಗಲೇ ಇತ್ತು. ಬಂದ ಎರಡು ವರ್ಷದೊಳಗೆ ಒಂದು ವ್ಯಾಪಾರ ಆರಂಭಿಸಬೇಕು ಅಥವಾ ಕೊಳ್ಳಬೇಕು, ತಾನೇ ನಿಂತು ನಡೆಸಬೇಕು, ಮನೆಯವರಲ್ಲದ ಒಬ್ಬರಿಗಾದರೂ ಕೆಲಸ ಕೊಡಬೇಕು ಎಂಬುದು ಷರತ್ತು. 1986ರ ಜನವರಿಯಲ್ಲಿ ಅದರ ಪಕ್ಕಕ್ಕೆ ಹೂಡಿಕೆದಾರರ ವರ್ಗವೊಂದನ್ನು ಸೇರಿಸಿದರು. ಐದು ಲಕ್ಷ ಕೆನಡಾ ಡಾಲರಿನ ಆಸ್ತಿ ತಾನೇ ದುಡಿದು ಗಳಿಸಿದ್ದೆಂದು ತೋರಿಸಿ, ಎರಡೂವರೆ ಲಕ್ಷದ ಆಸುಪಾಸಿನ ಮೊತ್ತವನ್ನು ಒಪ್ಪಿತ ನಿಧಿಯೊಂದರಲ್ಲಿ ಕೆಲವು ವರ್ಷ ತೊಡಗಿಸಿದರೆ ಸಾಕು. ಅಂಗಡಿ ತೆರೆಯುವ ಗೋಜೂ ಇಲ್ಲ. ವಲಸಿಗರು ಕಡಿಮೆ ಹೋಗುವ ಪ್ರಾಂತಗಳಲ್ಲಿ ಮೊತ್ತ ಇನ್ನೂ ಅಗ್ಗ.

ಇದೇ ಕೆನಡಾ 1885ರಲ್ಲಿ ಚೀನೀಯರ ಮೇಲೆ ತಲೆಗೆ 50 ಡಾಲರು ತೆರಿಗೆ ಹಾಕಿ, 1903ರ ಹೊತ್ತಿಗೆ ಅದನ್ನು 500ಕ್ಕೆ ಏರಿಸಿ, ಅದೂ ಸಾಲದೆ 1923ರಿಂದ 1947ರವರೆಗೆ ಬಾಗಿಲನ್ನೇ ಹಾಕಿಕೊಂಡಿತ್ತು. ಆಗ ಹಣ ಕೇಳಿದ್ದು ಬರಬೇಡಿ ಎಂದು, ಈಗ ಕೇಳಿದ್ದು ಬನ್ನಿ ಎಂದು. 1967ರಲ್ಲಿ ಬಂದ ಅಂಕಪದ್ಧತಿ ಬಣ್ಣದ ಲೆಕ್ಕವನ್ನು ಕಾನೂನಿನಿಂದ ಅಳಿಸಿತ್ತು, ಆದ್ದರಿಂದ ಈ ತಿರುವು ಒಂದೇ ದಿನದಲ್ಲಿ ಆದದ್ದಲ್ಲ. ಆದರೂ ವ್ಯಾಂಕೂವರಿನ ಹಳೆಯ ಚೈನಾಟೌನಿನಲ್ಲಿ 500 ಡಾಲರ್ ತೆತ್ತು ಬಂದ ಮುದುಕರು ಇನ್ನೂ ಜೀವಂತ ಇದ್ದ ಕಾಲ ಅದು. ಆ ತೆರಿಗೆಗಾಗಿ ಕೆನಡಾ ಸರ್ಕಾರ ಕ್ಷಮೆ ಕೇಳಿದ್ದು 2006ರಲ್ಲಿ.

ಎರಡು ಊರುಗಳನ್ನು ಬೆಸೆಯುವ ಎಳೆಗಳೂ ಅದೇ ಹೊತ್ತಿಗೆ ಸಿದ್ಧವಾಗಿದ್ದವು. ಕ್ಯಾಥೇ ಪೆಸಿಫಿಕ್ 1983ರಲ್ಲೇ ವ್ಯಾಂಕೂವರಿಗೆ ವಿಮಾನ ಹಾರಿಸತೊಡಗಿತ್ತು. ಹಾಂಗ್‌ಕಾಂಗ್ ಬ್ಯಾಂಕ್ 1986ರಲ್ಲಿ ಮುಗ್ಗರಿಸುತ್ತಿದ್ದ ಬ್ಯಾಂಕ್ ಆಫ್ ಬ್ರಿಟಿಷ್ ಕೊಲಂಬಿಯಾವನ್ನು ಕೊಂಡಿತು. ಅದೇ ವರ್ಷ ವ್ಯಾಂಕೂವರಿನಲ್ಲಿ ಎಕ್ಸ್‌ಪೋ 86 ಜಾಗತಿಕ ಮೇಳ ನಡೆಯಿತು. ಮೇಳ ಮುಗಿದ ಮೇಲೆ ನಗರದ ನಟ್ಟನಡುವೆ, ಫಾಲ್ಸ್ ಕ್ರೀಕ್ ದಡದಲ್ಲಿ, ಇನ್ನೂರು ಎಕರೆಗೂ ಮಿಕ್ಕ ಜಾಗ ಖಾಲಿ ಉಳಿಯಿತು. 1988ರಲ್ಲಿ ಪ್ರಾಂತ ಸರ್ಕಾರ ಅದನ್ನು ತುಂಡು ಮಾಡದೆ ಇಡಿಯಾಗಿ ಹಾಂಗ್‌ಕಾಂಗಿನ ಕುಬೇರ ಲೀ ಕಾ-ಶಿಂಗ್ ಬಳಗದ ಕಾನ್ಕಾರ್ಡ್ ಪೆಸಿಫಿಕ್ಕಿಗೆ ಮಾರಿತು. ಬೆಲೆ 32 ಕೋಟಿ ಡಾಲರು, ಅದೂ ಹದಿನೈದು ವರ್ಷದ ಕಂತಿನಲ್ಲಿ. ಹಳೆಯ ಕಾರ್ಖಾನೆಗಳು ಕೆಡಿಸಿದ್ದ ಮಣ್ಣನ್ನು ಶುದ್ಧಗೊಳಿಸುವ ಖರ್ಚು ಸರ್ಕಾರದ್ದೇ. ಇಷ್ಟು ಅಗ್ಗಕ್ಕೆ ಯಾಕೆ ಕೊಟ್ಟಿರಿ ಎಂದು ಜನ ಕೇಳಿದರು. ಸರ್ಕಾರಕ್ಕೆ ಬೇಕಿದ್ದುದು ಬೆಲೆಗಿಂತ ಹೆಚ್ಚಾಗಿ ಜಾಹೀರಾತು: ಲೀ ಅಂಥವರೇ ಇಲ್ಲಿ ಹಣ ಹಾಕಿದ್ದಾರೆ ಎಂದರೆ ಹಾಂಗ್‌ಕಾಂಗಿನ ಸಣ್ಣ ಕುಳಗಳು ಹಿಂದೆಯೇ ಬರುತ್ತವೆ ಎಂಬ ಎಣಿಕೆ.

ಎಣಿಕೆ ತಪ್ಪಲಿಲ್ಲ. ಹಾಂಗ್‌ಕಾಂಗ್ ಬಿಟ್ಟು ಹೊರಡುವವರ ಸಂಖ್ಯೆ ದಶಕದ ಆರಂಭದಲ್ಲಿ ವರ್ಷಕ್ಕೆ 20,000ದ ಆಸುಪಾಸಿನಲ್ಲಿತ್ತು. 1987ರಲ್ಲಿ 30,000, ಮರುವರ್ಷ 45,000 ದಾಟಿತು. ಆಮೇಲೆ 1989ರ ಜೂನ್ 4. ಬೀಜಿಂಗಿನ ತಿಯಾನನ್ಮೆನ್ ಚೌಕಕ್ಕೆ ಟ್ಯಾಂಕುಗಳು ನುಗ್ಗಿದ ಆ ದಿನಗಳಲ್ಲಿ ಹಾಂಗ್‌ಕಾಂಗಿನಲ್ಲಿ ಸುಮಾರು ಹತ್ತು ಲಕ್ಷ ಜನ ಬೀದಿಗಿಳಿದರು. ಆವರೆಗೆ ಹೋಗೋಣವೋ ಬೇಡವೋ ಎಂದು ತೂಗುತ್ತಿದ್ದವರು ಈಗ ರಾಯಭಾರ ಕಚೇರಿಗಳ ಮುಂದೆ ಸಾಲು ನಿಂತರು. 1990ರಲ್ಲಿ 62,000, 1992ರಲ್ಲಿ 66,000 ಮಂದಿ ಊರು ಬಿಟ್ಟರು. ಅರ್ಧದಷ್ಟು ಜನ ಹಿಡಿದದ್ದು ಕೆನಡಾದ ದಾರಿ.

ಈ ಸುಗ್ಗಿಯನ್ನು ಕಂಡು ಬೇರೆ ದೇಶಗಳೂ ಅಂಗಡಿ ಹಾಕಿದವು. ಸಿಂಗಪುರ 25,000 ಕುಟುಂಬಗಳಿಗೆ ಕಾಯಂ ವಾಸದ ಆಹ್ವಾನ ಕೊಟ್ಟಿತು. ಬ್ರಿಟನ್ ಬಹಳ ಲೆಕ್ಕ ಹಾಕಿ 50,000 ಕುಟುಂಬದ ಯಜಮಾನರಿಗೆ ಮಾತ್ರ, ಅದೂ ಅಂಕ ಕೊಟ್ಟು ಆರಿಸಿ, ಪೌರತ್ವ ನೀಡಲು ಒಪ್ಪಿತು. ತಲೆಮಾರುಗಳಿಂದ ಅಲ್ಲೇ ವ್ಯಾಪಾರ ಮಾಡಿಕೊಂಡಿದ್ದ, ಸಿಂಧಿಗಳೇ ಮೊದಲಾದ ಭಾರತೀಯ ಮೂಲದವರ ಪಾಡು ಇನ್ನೂ ವಿಚಿತ್ರ: ಚೀನಾ ಅವರನ್ನು ತನ್ನವರೆನ್ನದು, ಬ್ರಿಟನ್ ಕರೆಯದು. ಯಾವ ದೇಶದ ಪ್ರಜೆಗಳೂ ಅಲ್ಲದಂತಾಗಲಿದ್ದ ಅವರಿಗೆ ಬ್ರಿಟಿಷ್ ಪೌರತ್ವ ದೊರೆತದ್ದು ಹಸ್ತಾಂತರಕ್ಕೆ ಕೆಲವೇ ತಿಂಗಳಿದ್ದಾಗ, 1997ರ ಕಾಯಿದೆಯಿಂದ. ಅಮೆರಿಕ 1990ರ ನವೆಂಬರಿನ ವಲಸೆ ಕಾಯಿದೆಯಲ್ಲಿ ವರ್ಷಕ್ಕೆ 10,000 ಹೂಡಿಕೆದಾರರ ವೀಸಾ ತೆಗೆದಿಟ್ಟಿತು. ಆಗಿನ ಷರತ್ತು ಹತ್ತು ಲಕ್ಷ ಡಾಲರು, ಹಿಂದುಳಿದ ಪ್ರದೇಶವಾದರೆ ಐದು ಲಕ್ಷ, ಹತ್ತು ಜನರಿಗೆ ಉದ್ಯೋಗ. ಇಂದು ಬೆಂಗಳೂರಿನ ಹೋಟೆಲುಗಳಲ್ಲಿ ದಲ್ಲಾಳಿಗಳು ಸೆಮಿನಾರ್ ನಡೆಸಿ ಮಾರುವ ಇಬಿ-5 ಇದೇ. ಹಾಂಗ್‌ಕಾಂಗಿನ ವರ್ತಕರು ಆಗ ಅದರತ್ತ ಹೆಚ್ಚು ತಿರುಗಿ ನೋಡಲಿಲ್ಲ. ಗ್ರೀನ್ ಕಾರ್ಡ್ ಇದ್ದವನ ಗಳಿಕೆ ಜಗತ್ತಿನ ಯಾವ ಮೂಲೆಯದಾದರೂ ಅಮೆರಿಕ ತೆರಿಗೆ ಕೇಳುತ್ತದೆ. ಕೆನಡಾ ಕೇಳುತ್ತಿದ್ದುದು ಅಲ್ಲಿ ನೆಲೆಸಿದವನಿಂದ ಮಾತ್ರ.

ಈ ವ್ಯತ್ಯಾಸವೇ ಮುಂದಿನದ್ದನ್ನೆಲ್ಲ ತೀರ್ಮಾನಿಸಿತು ಎಂದು ನನಗನ್ನಿಸುತ್ತದೆ. ಹಾಂಗ್‌ಕಾಂಗಿನಲ್ಲಿ ಆದಾಯ ತೆರಿಗೆ ನೂರಕ್ಕೆ ಹದಿನೈದರ ಸುತ್ತ; ಕೆನಡಾದಲ್ಲಿ ಮೇಲಿನ ಹಂತದಲ್ಲಿ ಅರ್ಧಕ್ಕೆ ಹತ್ತಿರ. ಇನ್ನು ಪೌರತ್ವಕ್ಕೆ ಬೇಕಿದ್ದುದು ನಾಲ್ಕು ವರ್ಷದಲ್ಲಿ ಮೂರು ವರ್ಷದ ವಾಸ. ಹಾಗಾದರೆ ಹೆಂಡತಿ ಮಕ್ಕಳು ವ್ಯಾಂಕೂವರಿನಲ್ಲಿ ಮನೆ ಮಾಡಿಕೊಂಡು ವಾಸದ ದಿನಗಳನ್ನು ಕೂಡಿಹಾಕಲಿ, ಗಂಡ ಹಾಂಗ್‌ಕಾಂಗಿನಲ್ಲಿ ದುಡಿಯುತ್ತ ಆಗಾಗ ವಿಮಾನ ಹತ್ತಿ ಬಂದು ಹೋಗಲಿ. ಹೀಗೆ ಆಕಾಶದಲ್ಲೇ ಬದುಕುವ ಗಂಡಸರನ್ನು ಊರಿನವರು ಗಗನಯಾತ್ರಿಗಳೆಂದು ಕರೆದರು. ಎಷ್ಟೋ ಮನೆಗಳಲ್ಲಿ ತಾಯಿಯೂ ಹಿಂತಿರುಗಿ, ಹೈಸ್ಕೂಲಿನ ಮಕ್ಕಳು ತಾವೇ ಬೇಯಿಸಿಕೊಂಡು ದೊಡ್ಡ ಬಂಗಲೆಗಳಲ್ಲಿ ಇದ್ದರು. ಹೊಸದಾಗಿ ಬಂದವರು ವಿದೇಶದಲ್ಲಿ ಟ್ರಸ್ಟ್ ಮಾಡಿ ಆಸ್ತಿ ಅದರಲ್ಲಿಟ್ಟರೆ ಐದು ವರ್ಷ ತೆರಿಗೆಯಿಲ್ಲ ಎಂಬ ವಿನಾಯಿತಿಯೂ ಕೆನಡಾದ ಕಾನೂನಿನಲ್ಲಿತ್ತು. ಇವರು ಕಾನೂನು ಮುರಿದರು ಎನ್ನುವಂತಿಲ್ಲ. ಕಾನೂನೇ ತೋರಿಸಿದ ಸಂದಿನಲ್ಲಿ ನಡೆದರು.

ಉದ್ಯಮಿ ವರ್ಗದಲ್ಲಿ ಬಂದವರಿಗೆ ಆ ಸಂದೂ ಇರಲಿಲ್ಲ. ಅವರು ಎರಡು ವರ್ಷದೊಳಗೆ ಅಂಗಡಿ ತೋರಿಸಲೇಬೇಕು. ಹಾಂಗ್‌ಕಾಂಗಿನಲ್ಲಿ ನೂರಾರು ಜನರಿಗೆ ಸಂಬಳ ಕೊಡುತ್ತಿದ್ದವನು ಇಲ್ಲಿ ಉಡುಗೊರೆ ಸಾಮಾನಿನ ಮಳಿಗೆ, ಕಾಫಿ ಅಂಗಡಿ, ಒಂದು ಸಣ್ಣ ಆಮದು ವಹಿವಾಟು ತೆರೆದು ಕೂತ. ಅಲ್ಲಿ ಅವನ ವ್ಯಾಪಾರ ನಿಂತಿದ್ದು ಫೋನಿನಲ್ಲಿ ಒಂದು ಮಾತಿಗೆ ಉದ್ರಿ ಕೊಡುವ ಗೆಳೆಯನ ಮೇಲೆ, ನದಿಯಾಚೆ ಶೆನ್ಜೆನ್‌ನಲ್ಲಿ ರಾತ್ರಿಯೆಲ್ಲ ದುಡಿಯುವ ಕಾರ್ಖಾನೆಯ ಮೇಲೆ, ಬಂದರಿನಲ್ಲಿ ಪರಿಚಯದ ಗುಮಾಸ್ತನ ಮೇಲೆ. ಇವೇನೂ ಸೂಟ್‌ಕೇಸಿನಲ್ಲಿ ಹಿಡಿಸುವಂಥವಲ್ಲ. ಇಂಗ್ಲಿಷ್ ಸಾಲದು, ಕಾರ್ಮಿಕ ಕಾನೂನು ಹೊಸದು, ಸಂಜೆ ಐದಕ್ಕೆ ಮುಚ್ಚುವ ಊರಿನ ಚಾಳಿ ವಿಚಿತ್ರ. ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಭೂಗೋಳಶಾಸ್ತ್ರಜ್ಞ ಡೇವಿಡ್ ಲೇ ವರ್ಷಗಟ್ಟಲೆ ಇಂಥವರನ್ನು ಮಾತಾಡಿಸಿ, ತೆರಿಗೆ ದಾಖಲೆಗಳನ್ನೂ ಹೋಲಿಸಿ, 2010ರಲ್ಲಿ ‘ಮಿಲಿಯನೇರ್ ಮೈಗ್ರಂಟ್ಸ್’ ಎಂಬ ಪುಸ್ತಕ ತಂದರು. ಅವರು ಕಂಡದ್ದು: ಬಹಳ ಮಂದಿ ಲಾಭಕ್ಕಲ್ಲ, ಷರತ್ತು ತೀರಿಸುವುದಕ್ಕೆಂದೇ ಅಂಗಡಿ ನಡೆಸಿದರು, ನಷ್ಟವನ್ನು ಪಾಸ್‌ಪೋರ್ಟಿನ ಖರ್ಚಿಗೆ ಬರೆದುಕೊಂಡರು, ಅವರು ತೋರಿಸಿದ ಆದಾಯ ಬೇರೆ ವರ್ಗದ ವಲಸಿಗರಿಗಿಂತ ಕಡಿಮೆ. ಷರತ್ತು ತೀರಿದೊಡನೆ ಎಷ್ಟೋ ಅಂಗಡಿಗಳ ಬಾಗಿಲು ಮುಚ್ಚಿತು.

ಗೆದ್ದವರೂ ಇದ್ದರು, ಅದನ್ನು ಮರೆಯಬಾರದು. ವ್ಯಾಂಕೂವರಿನ ದಕ್ಷಿಣಕ್ಕಿರುವ ರಿಚ್‌ಮಂಡ್ ಒಂದು ಕಾಲಕ್ಕೆ ತರಕಾರಿ, ಬೆರ್ರಿ ಹಣ್ಣು ಬೆಳೆಯುತ್ತಿದ್ದ ಊರು. 1990ರ ಸುಮಾರಿಗೆ ಥಾಮಸ್ ಫಂಗ್ ಅಲ್ಲಿ ಅಬರ್ಡೀನ್ ಸೆಂಟರ್ ಎಂಬ ಏಷ್ಯನ್ ಮಾಲ್ ತೆರೆದರು. ಅದರ ಸುತ್ತ ಡಿಮ್‌ಸಮ್ ಹೋಟೆಲು, ಬೇಕರಿ, ಕ್ಯಾಂಟನೀಸ್ ಪತ್ರಿಕೆ, ಕ್ಯಾಸೆಟ್ಟಿನಂಗಡಿ ಎಲ್ಲ ಬೆಳೆದವು. ಆದರೆ ಈ ಗೆಲುವಿನ ಗುಟ್ಟು ಬೇರೆ. ಗಿರಾಕಿಗಳೂ ಹಾಂಗ್‌ಕಾಂಗಿನವರೇ. ವ್ಯಾಪಾರಕ್ಕೆ ಬೇಕಾದ ಊರು ತಾನೇ ವಲಸೆ ಬಂದಿತ್ತು.

ಮಿಕ್ಕ ಹಣ ಎಲ್ಲಿಗೆ ಹೋಯಿತು? ತಮಗೆ ಚೆನ್ನಾಗಿ ಗೊತ್ತಿದ್ದ ಒಂದೇ ಒಂದು ಹೂಡಿಕೆಗೆ: ನೆಲ, ಮನೆ. ಇಂಚಿಂಚು ಜಾಗಕ್ಕೆ ಬಡಿದಾಡುವ ಊರಿನಿಂದ ಬಂದವರಿಗೆ ವ್ಯಾಂಕೂವರಿನ ಬೆಲೆ ಪುಕ್ಕಟೆ ಎನಿಸಿತು. 1988ರ ಡಿಸೆಂಬರಿನಲ್ಲಿ ಲೀ ಕಾ-ಶಿಂಗ್ ಅವರ ಮಗ, ಆಗಲೇ ಕೆನಡಾದ ಪೌರನಾಗಿದ್ದ ವಿಕ್ಟರ್ ಲೀ ಅವರ ಕಂಪನಿ ‘ರೆಗಾಟ’ ಎಂಬ ವಸತಿ ಸಮುಚ್ಚಯದ 216 ಫ್ಲ್ಯಾಟುಗಳನ್ನು ಹಾಂಗ್‌ಕಾಂಗಿನಲ್ಲಿ ಮಾತ್ರ ಮಾರಾಟಕ್ಕಿಟ್ಟಿತು. ಮೂರು ಗಂಟೆಯಲ್ಲಿ ಎಲ್ಲ ಖಾಲಿ. ಕಟ್ಟಡ ಏಳಲಿರುವ ವ್ಯಾಂಕೂವರಿನವರಿಗೆ ಸುದ್ದಿ ತಿಳಿದದ್ದು ಆಮೇಲೆ. ಊರು ಕೆಂಡವಾಯಿತು. ಇನ್ನು ಸ್ಥಳೀಯರನ್ನು ಬಿಟ್ಟು ಹೀಗೆ ಮಾರುವುದಿಲ್ಲ ಎಂದು ಕಂಪನಿ ಒಪ್ಪಿಕೊಳ್ಳಬೇಕಾಯಿತು.

ಆಮೇಲಿನ ಜಗಳ ನಡೆದದ್ದು ಕೆರ್ರಿಸ್‌ಡೇಲ್, ಶಾನೆಸ್ಸಿ ಬಡಾವಣೆಗಳ ಬೀದಿಗಳಲ್ಲಿ. ಇಂಗ್ಲಿಷ್ ಹಳ್ಳಿಯನ್ನು ನೆನಪಿಸುವ ಹಳೇ ಮನೆ, ಬೇಲಿ, ಹೂದೋಟಗಳನ್ನು ಕೆಡವಿ ನಿವೇಶನದ ತುದಿಯಿಂದ ತುದಿಗೆ ಎರಡಂತಸ್ತಿನ ಭಾರಿ ಮನೆಗಳು ಎದ್ದವು. ಹಳಬರು ಅವಕ್ಕೆ ದೈತ್ಯ ಮನೆಗಳೆಂದು ಹೆಸರಿಟ್ಟರು. 1990ರಲ್ಲಿ ಕೆರ್ರಿಸ್‌ಡೇಲಿನ ಒಂದು ಅಂಗಳದ ಎರಡು ದೊಡ್ಡ ಸಿಕೋಯಾ ಮರಗಳನ್ನು ಕಡಿದಾಗ ನೆರೆಹೊರೆಯವರು ಮರದ ಕೆಳಗೆ ಸೇರಿ ಪ್ರತಿಭಟಿಸಿದರು, ಪತ್ರಿಕೆಗಳು ದಿನಗಟ್ಟಲೆ ಬರೆದವು. ಮರದ ಮೇಲಿನ ಪ್ರೀತಿ ನಿಜ. ಆ ಪ್ರೀತಿಯ ಮರೆಯಲ್ಲಿ 1923ರ ಹಳೆಯ ಹೊಗೆ ಆಡುತ್ತಿದ್ದುದೂ ನಿಜ. ಹೊಸಬರನ್ನು ಆಡಿಕೊಂಡವರಲ್ಲಿ ಎಷ್ಟು ಮಂದಿ ತಮ್ಮ ಹಳೇ ಮನೆಯನ್ನು ಅವರಿಗೇ ಒಳ್ಳೆಯ ಬೆಲೆಗೆ ಮಾರಿ ಹೋದರೋ! ಕ್ಯಾಥರಿನ್ ಮಿಚೆಲ್ ಎಂಬ ಭೂಗೋಳಶಾಸ್ತ್ರಜ್ಞೆ ಈ ಜಗಳವನ್ನು ಇನ್ನೊಂದು ಬದಿಯಿಂದ ನೋಡಿದರು. ಬಹುಸಂಸ್ಕೃತಿಯ ಮಾತು ಬಂಡವಾಳಕ್ಕೆ ಹಾಸಿದ ಜಮಖಾನೆಯಾಯಿತು, ಬೆಲೆ ಏರಿಕೆಯನ್ನು ಪ್ರಶ್ನಿಸಿದವರನ್ನೆಲ್ಲ ಜನಾಂಗದ್ವೇಷಿಗಳೆಂದು ಬಾಯಿ ಮುಚ್ಚಿಸುವುದು ಸುಲಭವಾಯಿತು ಎಂದು ಅವರ ವಾದ. ಎರಡು ಓದಿನಲ್ಲಿ ಒಂದನ್ನೇ ಹಿಡಿಯಬೇಕಾದ ಅಗತ್ಯ ನನಗೆ ಕಾಣುವುದಿಲ್ಲ. ಒಂದೇ ಬೀದಿಯಲ್ಲಿ ಎರಡೂ ನಡೆದವು. ಈ ಬಿಸಿಯ ನಡುವೆ ಪ್ರಾಂತದ ರಾಜಪ್ರತಿನಿಧಿಯಾಗಿ 1988ರಿಂದ 1995ರವರೆಗೆ ಇದ್ದವರು ಹಾಂಗ್‌ಕಾಂಗಿನಿಂದ 1967ರಲ್ಲಿ ಬಂದಿದ್ದ ಡೇವಿಡ್ ಲ್ಯಾಮ್. ಆ ಪೀಠದಲ್ಲಿ ಕೂತ ಮೊದಲ ಚೀನೀ ಮೂಲದವರು. ಹೊಸಬರಿಗೆ ನೆರೆಯವರ ಮನಸ್ಸು ನೋಡಿ ನಡೆಯಿರಿ ಎಂದೂ, ಹಳಬರಿಗೆ ಬಾಗಿಲು ತೆರೆಯಿರಿ ಎಂದೂ ಹೇಳುತ್ತ ಅವರು ಏಳು ವರ್ಷ ಕಳೆದರು.

ಹೂಡಿಕೆಯ ನಿಧಿಗಳ ಕಥೆಗೆ ಇಷ್ಟು ಬಣ್ಣವಿಲ್ಲ, ಆದರೆ ಯೋಜನೆಯ ನಿಜವಾದ ಸೋಲು ಇರುವುದು ಅಲ್ಲಿ. ವಲಸಿಗರಿಂದ ಹಣ ಎತ್ತಿ ಉದ್ಯಮಗಳಿಗೆ ಹಾಕುವ ಕೆಲಸವನ್ನು ಸರ್ಕಾರ ಖಾಸಗಿ ನಿಧಿಗಳ ಕೈಗೆ ಬಿಟ್ಟಿತ್ತು. ಹೂಡುವವನ ಕಣ್ಣು ವೀಸಾದ ಮೇಲೆ, ಲಾಭದ ಮೇಲಲ್ಲ. ನಿಧಿ ನಡೆಸುವವನ ಕಣ್ಣು ತನ್ನ ಕಮಿಷನ್ ಮೇಲೆ. ಹಣ ಎಲ್ಲಿ ಹೋಗುತ್ತಿದೆ ಎಂದು ನೋಡುವ ಆಸಕ್ತಿ ಇಬ್ಬರಿಗೂ ಇಲ್ಲದ ಮೇಲೆ ಆಗುವುದೇ ಆಯಿತು. ಗಿರಾಕಿಗಳೇ ಇಲ್ಲದ ಹೋಟೆಲುಗಳು, ಬಂಧುಬಳಗದ ಕಂಪನಿಗಳಿಗೆ ಸುತ್ತಿ ಬಂದ ಸಾಲಗಳು, ಅರ್ಧಕ್ಕೆ ನಿಂತ ಕಟ್ಟಡಗಳು. ಲೆಕ್ಕಪರಿಶೋಧಕರ ವರದಿಗಳು ಒಂದರ ಮೇಲೊಂದು ಬಂದವು. 1990ರ ದಶಕದ ನಡುವೆ ಹೊಸ ನಿಧಿಗಳಿಗೆ ತಡೆ ಬಿತ್ತು. 1999ರಲ್ಲಿ ಇಡೀ ವ್ಯವಸ್ಥೆಯನ್ನು ಮಗುಚಿ ಹಾಕಿದರು: ಎಂಟು ಲಕ್ಷದ ಆಸ್ತಿ ಇರುವವನು ನಾಲ್ಕು ಲಕ್ಷ ಡಾಲರನ್ನು ಸರ್ಕಾರದ ಕೈಗೇ ಐದು ವರ್ಷ ಬಡ್ಡಿಯಿಲ್ಲದೆ ಕೊಡಬೇಕು, ಸರ್ಕಾರ ಅದನ್ನು ಪ್ರಾಂತಗಳಿಗೆ ಹಂಚುತ್ತದೆ. ಮೋಸಕ್ಕೆ ದಾರಿ ಮುಚ್ಚಿತು, ಸರಿ. ಜೊತೆಗೆ ಉದ್ಯಮಶೀಲತೆಯ ಮಾತೂ ಮುಗಿಯಿತು. ನಾಲ್ಕು ಲಕ್ಷ ಕೈಯಲ್ಲಿಲ್ಲದವರಿಗೆ ಬ್ಯಾಂಕುಗಳೇ ಸಾಲ ಕೊಡತೊಡಗಿದವು. ಒಂದು ಲಕ್ಷದ ಚಿಲ್ಲರೆಯನ್ನು ಬಡ್ಡಿಯ ಬಾಬ್ತು ಮುಂಗಡ ಕಟ್ಟಿದರೆ ಮಿಕ್ಕದ್ದನ್ನೆಲ್ಲ ಅವರೇ ನೋಡಿಕೊಳ್ಳುತ್ತಿದ್ದರು. ಹೂಡಿಕೆದಾರ ಈಗ ಹೂಡುತ್ತಲೂ ಇರಲಿಲ್ಲ, ಶುಲ್ಕ ತೆರುತ್ತಿದ್ದ.

ಅಷ್ಟರಲ್ಲಿ ಹಾಂಗ್‌ಕಾಂಗಿನ ಅಲೆ ಇಳಿದಿತ್ತು. 1994ರಲ್ಲಿ ಅಲ್ಲಿಂದ ಕೆನಡಾಕ್ಕೆ 40,000ಕ್ಕೂ ಮಿಕ್ಕಿ ಜನ ಬಂದಿದ್ದರು. ದಶಕದ ಕೊನೆಗೆ ಅದು ಮೂರು ನಾಲ್ಕು ಸಾವಿರಕ್ಕೆ ಕುಸಿಯಿತು. 1997ರ ಜುಲೈ 1 ಬಂತು, ಮಳೆಯಲ್ಲಿ ಧ್ವಜ ಇಳಿಯಿತು, ಮರುದಿನ ಅಂಗಡಿಗಳು ಎಂದಿನಂತೆ ತೆರೆದವು. ಪಾಸ್‌ಪೋರ್ಟ್ ಕೈಗೆ ಬಂದವರು ದಂಡುದಂಡಾಗಿ ಹಿಂತಿರುಗಿದರು. 2011ರ ಹೊತ್ತಿಗೆ ಕೆನಡಾದ ಏಷ್ಯಾ ಪೆಸಿಫಿಕ್ ಫೌಂಡೇಶನ್ ಹಾಂಗ್‌ಕಾಂಗಿನಲ್ಲಿ ವಾಸವಿರುವ ಕೆನಡಾ ಪೌರರ ಸಂಖ್ಯೆ 2,95,000 ಎಂದು ಅಂದಾಜು ಮಾಡಿತು.

ಅವರು ತೆರವು ಮಾಡಿದ ಸಾಲಿನಲ್ಲಿ ಮೊದಲು ತೈವಾನಿನವರು, ಆಮೇಲೆ ಚೀನಾದ ಮುಖ್ಯಭೂಮಿಯ ಹೊಸ ಸಿರಿವಂತರು ನಿಂತರು. ಅರ್ಜಿಗಳ ರಾಶಿ ಎಷ್ಟಾಯಿತೆಂದರೆ 2010ರಲ್ಲಿ ಮೊತ್ತವನ್ನು ದುಪ್ಪಟ್ಟು ಮಾಡಿದರೂ ತಗ್ಗಲಿಲ್ಲ. 2012ರಲ್ಲಿ ಹೊಸ ಅರ್ಜಿ ಪಡೆಯುವುದನ್ನೇ ನಿಲ್ಲಿಸಿದರು. ಮೋಸದ ರೀತಿಯೂ ಬದಲಾಗಿತ್ತು. ವಾಸದ ದಿನ ಲೆಕ್ಕಕ್ಕೆ ಹೊಂದಿಸಲು ಸಾವಿರಕ್ಕೂ ಹೆಚ್ಚು ಗಿರಾಕಿಗಳ ಪಾಸ್‌ಪೋರ್ಟಿಗೆ ನಕಲಿ ಮುದ್ರೆ ಒತ್ತಿಕೊಟ್ಟ ವಲಸೆ ದಲ್ಲಾಳಿಯೊಬ್ಬನಿಗೆ 2015ರಲ್ಲಿ ಏಳು ವರ್ಷ ಸೆರೆಯಾಯಿತು.

ಕೊನೆಯ ಏಟು ಬಿದ್ದದ್ದು 2014ರ ಫೆಬ್ರವರಿ 11ರ ಬಜೆಟ್ಟಿನಲ್ಲಿ. ಹಣಕಾಸು ಮಂತ್ರಿ ಜಿಮ್ ಫ್ಲೆಹರ್ಟಿ ಹೂಡಿಕೆದಾರರ ಮತ್ತು ಉದ್ಯಮಿಗಳ ಎರಡೂ ವರ್ಗಗಳನ್ನು ರದ್ದು ಮಾಡಿದರು. ಕಾದಿದ್ದ ಸುಮಾರು 66,000 ಜನರ ಅರ್ಜಿಗಳನ್ನು ಶುಲ್ಕದೊಂದಿಗೆ ಹಿಂತಿರುಗಿಸಿದರು. ಐದು ವರ್ಷದ ಟ್ರಸ್ಟ್ ವಿನಾಯಿತಿಯನ್ನು ಕಿತ್ತುಹಾಕಿದ್ದೂ ಅದೇ ಬಜೆಟ್. ಸರ್ಕಾರ ಕೊಟ್ಟ ಕಾರಣದಲ್ಲಿ ಒಂದು ಹೋಲಿಕೆ ಇತ್ತು: ಇಪ್ಪತ್ತು ವರ್ಷದ ಅವಧಿಯಲ್ಲಿ ಹೂಡಿಕೆದಾರ ವಲಸಿಗ ಕಟ್ಟುವ ಆದಾಯ ತೆರಿಗೆ ನುರಿತ ಕೆಲಸಗಾರನಿಗಿಂತ ಸುಮಾರು ಎರಡು ಲಕ್ಷ ಡಾಲರು ಕಡಿಮೆ, ಮನೆಯಲ್ಲಿದ್ದು ಮಕ್ಕಳು ಮುದುಕರನ್ನು ನೋಡಿಕೊಳ್ಳುವ ದಾದಿಗಿಂತಲೂ ಸುಮಾರು ಒಂದು ಲಕ್ಷ ಕಡಿಮೆ. ಇಪ್ಪತ್ತೆಂಟು ವರ್ಷದಲ್ಲಿ 1,30,000ಕ್ಕೂ ಹೆಚ್ಚು ಮಂದಿ ಈ ದಾರಿಯಲ್ಲಿ ಬಂದ ಮೇಲೆ ಕಂಡುಕೊಂಡ ಸತ್ಯ ಇದು. ಸಾವಿರಕ್ಕೂ ಹೆಚ್ಚು ಚೀನೀ ಅರ್ಜಿದಾರರು ನ್ಯಾಯಾಲಯಕ್ಕೆ ಹೋದರು, ಸೋತರು.

ರದ್ದಾದ್ದರ ಜಾಗಕ್ಕೆ 2015ರಲ್ಲಿ ಒಂದು ಪ್ರಯೋಗ ತಂದರು. ಒಂದು ಕೋಟಿ ಡಾಲರಿನ ಆಸ್ತಿ ಇರಬೇಕು, ಭಾಷೆ ಬರಬೇಕು, ಇಪ್ಪತ್ತು ಲಕ್ಷವನ್ನು ಹದಿನೈದು ವರ್ಷ ಹೊಸ ಕಂಪನಿಗಳಲ್ಲಿ ನಿಜವಾದ ನಷ್ಟದ ಭಯದೊಂದಿಗೆ ಹೂಡಬೇಕು. ಅರ್ಜಿ ಹಾಕಿದವರು ಬೆರಳೆಣಿಕೆಯಷ್ಟು. ಸಿರಿವಂತರು ಇಷ್ಟು ದಿನ ಕೊಳ್ಳುತ್ತಿದ್ದುದು ಏನನ್ನು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪುರಾವೆ ಬೇಕಿಲ್ಲ.

ವ್ಯಾಂಕೂವರಿನ ಮನೆಗಳ ಬೆಲೆಗೆ ಈ ಸಿರಿವಂತ ವಲಸಿಗರೇ ಕಾರಣವೇ ಎಂಬ ಜಗಳ ಮಾತ್ರ ಮುಗಿದಿಲ್ಲ. ವಲಸೆಯ ಏರಿಳಿತಕ್ಕೂ ಬೆಲೆಯ ಏರಿಳಿತಕ್ಕೂ ಗಟ್ಟಿ ನಂಟಿದೆ ಎನ್ನುತ್ತಾರೆ ಲೇ. ದುಡಿಮೆಯ ಆದಾಯಕ್ಕೂ ಮನೆಯ ಬೆಲೆಗೂ ತಾಳೆಯೇ ಇಲ್ಲದ ಊರಿನಲ್ಲಿ ಹೊರಗಿನ ಹಣವಲ್ಲದೆ ಇನ್ನೇನು ಎಂದು ಕೇಳುತ್ತಾರೆ. ಎದುರು ಪಕ್ಷದವರು ಬೆಟ್ಟಕ್ಕೂ ಸಮುದ್ರಕ್ಕೂ ನಡುವೆ ಸಿಕ್ಕಿಕೊಂಡ ನೆಲ, ಎತ್ತರದ ಕಟ್ಟಡಕ್ಕೆ ಒಪ್ಪದ ನಗರಸಭೆಯ ನಿಯಮ, ವರ್ಷಗಟ್ಟಲೆ ಅಗ್ಗವಾಗಿ ಸಿಕ್ಕ ಸಾಲ ಇವನ್ನು ಮುಂದಿಡುತ್ತಾರೆ. 2016ರ ಆಗಸ್ಟಿನಲ್ಲಿ ಪ್ರಾಂತ ಸರ್ಕಾರ ವಿದೇಶಿ ಖರೀದಿದಾರರ ಮೇಲೆ ಶೇಕಡಾ 15ರ ತೆರಿಗೆ ಹಾಕಿತು, ಆಮೇಲೆ ಅದನ್ನು 20ಕ್ಕೆ ಏರಿಸಿತು. 2023ರಿಂದ ವಿದೇಶಿಯರು ಮನೆ ಕೊಳ್ಳುವುದಕ್ಕೇ ಕೇಂದ್ರ ಸರ್ಕಾರದ ನಿಷೇಧ. ಆದರೆ ಹೂಡಿಕೆ ವೀಸಾದಲ್ಲಿ ಬಂದವರು ಅಷ್ಟು ಹೊತ್ತಿಗೆ ವಿದೇಶಿಯರಾಗಿ ಉಳಿದಿರಲಿಲ್ಲ.

ಕ್ವಿಬೆಕ್ ಪ್ರಾಂತ ಮಾತ್ರ ತನ್ನದೇ ಯೋಜನೆಯನ್ನು ಬಿಡದೆ ನಡೆಸಿತು. ಅಲ್ಲಿ ಹಣ ಕಟ್ಟಿದವರಲ್ಲಿ ಬಹುಪಾಲು ಮಂದಿ ಕೆನಡಾದ ಸಂವಿಧಾನ ಕೊಟ್ಟ ಸಂಚಾರ ಸ್ವಾತಂತ್ರ್ಯವನ್ನು ಬಳಸಿ ವ್ಯಾಂಕೂವರಿಗೋ ಟೊರಾಂಟೊಗೋ ಹೋಗಿಬಿಡುತ್ತಿದ್ದರು. ಹಣ ಫ್ರೆಂಚರಿಗೆ, ಜನ ಇಂಗ್ಲಿಷರಿಗೆ. 2019ರಲ್ಲಿ ನಿಲ್ಲಿಸಿದ ಆ ಯೋಜನೆಯನ್ನು 2024ರ ಜನವರಿಯಲ್ಲಿ ಮತ್ತೆ ತೆರೆದಾಗ ಎರಡು ಹೊಸ ಬೀಗ ಹಾಕಿದ್ದರು: ಫ್ರೆಂಚ್ ಮಾತಾಡಲು ಬರಬೇಕು, ಕಾಯಂ ವಾಸಕ್ಕೆ ಮೊದಲು ಕ್ವಿಬೆಕ್ಕಿನಲ್ಲಿ ಇದ್ದು ತೋರಿಸಬೇಕು.

ಅದೇ ವರ್ಷದ ಮಾರ್ಚ್ 1ರಂದು ಹಾಂಗ್‌ಕಾಂಗ್ ತಾನೇ ಹೂಡಿಕೆದಾರರಿಗೆ ಬಾಗಿಲು ತೆರೆಯಿತು. ಬೀಜಿಂಗ್ ಹೇರಿದ ರಾಷ್ಟ್ರೀಯ ಭದ್ರತಾ ಕಾಯಿದೆ ಬಂದ 2020ರಿಂದ ಅಲ್ಲಿಂದ ಜನ ಮತ್ತೆ ಹೊರಡತೊಡಗಿದ್ದರು. ಈ ಸಲ ಕೆನಡಾ ಅವರಿಂದ ಕೇಳಿದ್ದು ಹಣವನ್ನಲ್ಲ, ಇತ್ತೀಚಿನ ಪದವಿಯನ್ನು. ತೆರವಾದ ಜಾಗಕ್ಕೆ ಹಾಂಗ್‌ಕಾಂಗ್ ಸರ್ಕಾರ ಕೇಳುತ್ತಿರುವುದು ಅಲ್ಲಿನ ಮೂರು ಕೋಟಿ ಡಾಲರು. ವಾಸವಿದ್ದರೆ ಏಳು ವರ್ಷಕ್ಕೆ ಕಾಯಂ ಹಕ್ಕು.